ಒಬ್ಬ ಹುಡುಗನಿಗಾಗಿ ನಡೆದ ತರಗತಿ

1941ರ ಸೆಪ್ಟೆಂಬರ್ ಹೊತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಪಾನಿ ಚಿಂತನೆಯ ಇತಿಹಾಸದ ಪಾಠಕ್ಕೆ ಸೇರಿದವನು ಒಬ್ಬನೇ ಹುಡುಗ, ಡೊನಾಲ್ಡ್ ಕೀನ್. ನನ್ನೊಬ್ಬನಿಗಾಗಿ ಇಷ್ಟು ತೊಂದರೆ ಯಾಕೆ ಅಂತ ಅವನಿಗೇ ಸಂಕೋಚ. ‘ಒಬ್ಬರಿದ್ದರೆ ಸಾಕು’ ಅಂದರು ಮೇಷ್ಟ್ರು ತ್ಸುನೋದಾ ರ್‍ಯೂಸಾಕು. ಅವನು ಬರುವಷ್ಟರಲ್ಲಿ ಬೋರ್ಡಿನ ತುಂಬ ಬರೆದಿಟ್ಟಿರುತ್ತಿದ್ದರು. ಏನಾದರೂ ಕೇಳಿಬಿಟ್ಟರೆ ಇರಲಿ ಅಂತ ಪುಸ್ತಕಗಳ ರಾಶಿಯನ್ನೂ ಹೊತ್ತು ತರುತ್ತಿದ್ದರು.

ಆ ವಿಶ್ವವಿದ್ಯಾಲಯದಲ್ಲಿ ಈಗ ಡೊನಾಲ್ಡ್ ಕೀನ್ ಹೆಸರಿನ ಜಪಾನಿ ಸಂಸ್ಕೃತಿ ಕೇಂದ್ರವಿದೆ. ಶುರುವಾಗಿದ್ದು 1986ರಲ್ಲಿ. ಅದರ ಬೇರು ಮಾತ್ರ ಈ ತರಗತಿಯಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಮಕ್ಕಳು ಕಡಿಮೆ ಅಂತ ಭಾಷೆಯ ತರಗತಿಗಳನ್ನು ಮುಚ್ಚುವುದು ನಮಗೆ ಹೊಸದಲ್ಲ, ಅಲ್ವಾ? ಅಲ್ಲಿ ಮುಚ್ಚಲಿಲ್ಲ.

ತ್ಸುನೋದಾ ಹುಟ್ಟಿದ್ದು 1877ರಲ್ಲಿ. ಹವಾಯಿಯಲ್ಲಿ ಕೆಲಸ ಮಾಡಿ ಆಮೇಲೆ ನ್ಯೂಯಾರ್ಕಿಗೆ ಬಂದವರು. ಅಮೆರಿಕದಲ್ಲಿ ಜಪಾನಿ ಪುಸ್ತಕಗಳಿಗೊಂದು ಜಾಗ ಬೇಕು ಅಂತ 1926ರಲ್ಲಿ ತಮ್ಮ ದೇಶ ಜಪಾನಿಗೆ ಹೋಗಿ ಪುಸ್ತಕ ಕೂಡಿಸಿದರು. ಮಿತ್ಸುಬಿಷಿಯ ಇವಾಸಾಕಿ ಕೊಯಾತಾ ನೆರವಾದರು. ಆ ಪುಸ್ತಕಗಳು ಕೊಲಂಬಿಯಾ ಸೇರಿದವು.

1941ರ ಡಿಸೆಂಬರಿನಲ್ಲಿ ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. ಶತ್ರು ದೇಶದವರೆಂದು ತ್ಸುನೋದಾರನ್ನು ಹಿಡಿದಿಟ್ಟರು, ವಿಚಾರಣೆಯಾದ ಮೇಲೆ ಬಿಟ್ಟರು. ಕೀನ್ ನೌಕಾಪಡೆಯ ಜಪಾನಿ ಶಾಲೆಗೆ ಸೇರಿದ. ಅಲ್ಲಿಂದ ಹವಾಯಿಗೆ. ಸತ್ತ ಜಪಾನಿ ಸೈನಿಕರ ಡೈರಿಗಳನ್ನು ಓದುವುದೂ ಅವನ ಕೆಲಸವಾಯಿತು. ರಕ್ತದ ಕಲೆ ಹತ್ತಿ ನಾರುತ್ತಿದ್ದ ಪುಟಗಳು. ಕೆಲವರು ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು: ಯುದ್ಧ ಮುಗಿದ ಮೇಲೆ ಇದನ್ನು ನನ್ನ ಮನೆಯವರಿಗೆ ತಲುಪಿಸಿ. ಕೀನ್ ಅಂಥವನ್ನು ಮೇಜಿನಲ್ಲಿ ಬಚ್ಚಿಟ್ಟ. ಅಧಿಕಾರಿಗಳು ಕಿತ್ತುಕೊಂಡರು. ಮುಂದೆ ಜಪಾನಿನ ದಿನಚರಿ ಸಾಹಿತ್ಯವನ್ನೇ ಅವರು ಆಳವಾಗಿ ಅಧ್ಯಯನ ಮಾಡಿದರು. ಕೊಲಂಬಿಯಾದಲ್ಲಿ ಐವತ್ತು ವರ್ಷಕ್ಕೂ ಜಾಸ್ತಿ ಪಾಠ ಮಾಡಿದರು.

ಕೇಂದ್ರ ಉಪನ್ಯಾಸ ಏರ್ಪಡಿಸುತ್ತದೆ. ಉರಾಸೆಂಕೆ ಚಹಾ ಪರಂಪರೆಯ ಸೆನ್ ಸೋಶಿತ್ಸು ಹೆಸರಿನಲ್ಲೂ ಒಂದು ಮಾಲೆಯಿದೆ. ಜಪಾನಿ ಸಾಹಿತ್ಯವನ್ನು ಇಂಗ್ಲಿಷಿಗೆ ತಂದವರಿಗೆ ಬಹುಮಾನವನ್ನೂ ಕೊಡುತ್ತದೆ. ನನಗೆ ಹೆಚ್ಚು ಇಷ್ಟವಾಗುವುದು ಈ ಬಹುಮಾನ. ಯಾಕೆಂದರೆ 1940ರಲ್ಲಿ ಕೀನ್‌ಗೆ ಜಪಾನಿನ ಹುಚ್ಚು ಹಿಡಿಸಿದ್ದೇ ಒಂದು ಅನುವಾದ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ಅಂಗಡಿಯಲ್ಲಿ 49 ಸೆಂಟಿಗೆ ಸಿಕ್ಕ, ಜಪಾನಿನ ಹಳೆಯ ಕಾದಂಬರಿ ‘ಗೆಂಜಿ’ಯ ಕಥೆ.

2011ರ ಭೂಕಂಪ, ಸುನಾಮಿಯ ನಂತರ ಎಷ್ಟೋ ವಿದೇಶಿಯರು ಜಪಾನ್ ಬಿಟ್ಟು ಹೊರಟರು. ಕೀನ್ ಅಲ್ಲೇ ನೆಲೆಸಲು ಹೋದರು, 2012ರಲ್ಲಿ ಜಪಾನಿ ಪ್ರಜೆಯಾದರು. 2019ರಲ್ಲಿ, 96ನೇ ವಯಸ್ಸಿನಲ್ಲಿ ಟೋಕಿಯೋದಲ್ಲಿ ತೀರಿಕೊಂಡರು.

ಕೇಂದ್ರಕ್ಕೆ ಕೀನ್ ಹೆಸರಿದೆ. ಆದರೆ ಅವರ ಕಾಲದ ಕೊಲಂಬಿಯಾದಲ್ಲಿ ಸುಮ್ನೆ ‘ಸೆನ್ಸೇ’, ಅಂದರೆ ಮೇಷ್ಟ್ರು, ಅಂದರೆ ಅದು ತ್ಸುನೋದಾ ಅಂತಲೇ ಎಲ್ಲರಿಗೂ ಗೊತ್ತಿತ್ತು.