ಹುಲಿಪಟ್ಟೆಯಿಂದ ಗಟ್ಟುವಿನವರೆಗೆ: ಲಾಂಛನಗಳ ಊರಲ್ಲಿ ಮ್ಯಾಸ್ಕಾಟ್ ಯಾಕಿಲ್ಲ?

ಜಂಬೂಸವಾರಿಯಲ್ಲಿ ಅಂಬಾರಿಗಿಂತ ಎಷ್ಟೋ ಮುಂಚೆ ಗಾರುಡಿಗೊಂಬೆಗಳು ಬರುತ್ತವೆ. ಬಿದಿರು ತಟ್ಟಿಯ ಮೈ, ಅದರ ಮೇಲೆ ಬಣ್ಣ ಬಳಿದ ದೊಡ್ಡ ಮುಖ, ಕೆಳಗಿನವರೆಗೆ ಇಳಿಬಿಟ್ಟ ಬಟ್ಟೆ. ಒಳಗೊಬ್ಬ ಅದನ್ನು ಹೆಗಲಿಗೇರಿಸಿಕೊಂಡು ತಮಟೆಗೆ ಹೆಜ್ಜೆ ಹಾಕುತ್ತಿರುತ್ತಾನೆ. ಗೊಂಬೆಯ ಕಣ್ಣು ಎಲ್ಲೋ ಮೇಲೆ, ಅವನಿಗೆ ದಾರಿ ಕಾಣುವುದು ಹೊಟ್ಟೆಯ ಹತ್ತಿರದ ಕಿಂಡಿಯಲ್ಲಿ. ಸಣ್ಣ ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತವೆ. ಸ್ವಲ್ಪ ದೊಡ್ಡವು ಹಿಂದಿನಿಂದ ಹೋಗಿ ಬಟ್ಟೆ ಎಳೆಯುತ್ತವೆ.

ಕ್ರೀಡಾಂಗಣದಲ್ಲಿ ದೊಡ್ಡ ತಲೆ ತೊಟ್ಟು ಕುಣಿಯುವ ಮ್ಯಾಸ್ಕಾಟ್, ಅಂದರೆ ತಂಡಕ್ಕೋ ಕಂಪನಿಗೋ ಊರಿಗೋ ಗುರುತಾಗಿ ನಿಲ್ಲುವ ಪಾತ್ರ, ಕೂಡ ಇದೇ ವಿದ್ಯೆ. ಅಲ್ಲೂ ಎಷ್ಟೋ ಸಲ ಒಳಗಿರುವವನು ನೋಡುವುದು ಬೊಂಬೆಯ ಬಾಯಿಗೆ ಹಾಕಿದ ಜಾಲರಿಯಿಂದ. ಅಲ್ಲೂ ಅವನು ಬೆವರಲ್ಲಿ ತೊಯ್ದಿರುತ್ತಾನೆ. ಹಾಗಿದ್ದರೂ ಮೈಸೂರಿಗಾಗಲಿ ಮಂಡ್ಯಕ್ಕಾಗಲಿ ತನ್ನದೇ ಅನ್ನಿಸುವ, ಊರಿಗೆಲ್ಲ ಗೊತ್ತಿರುವ ಒಂದು ಮ್ಯಾಸ್ಕಾಟ್ ಇಲ್ಲ. ಪ್ರಾಣಿಗಳಿಗೇನೂ ಬರ ಇಲ್ಲ. ಗಂಡಭೇರುಂಡ ಇದೆ, ಶರಭ ಇದೆ, ಹುಲಿ ಇದೆ, ಆನೆಯಂತೂ ಇದ್ದೇ ಇದೆ. ಮತ್ತೆ ಯಾಕೆ ಹೀಗೆ?

ಉತ್ತರ ಹುಡುಕಲು ಶ್ರೀರಂಗಪಟ್ಟಣದಿಂದ ಶುರು ಮಾಡಬೇಕು. ಇವತ್ತು ಕಂಪನಿಗಳು 'ಬ್ರ್ಯಾಂಡ್ ಐಡೆಂಟಿಟಿ' ಅಂತ ಲಕ್ಷಗಟ್ಟಲೆ ಸುರಿದು ಮಾಡಿಸಿಕೊಳ್ಳುವ ಕೆಲಸವನ್ನು ಟಿಪ್ಪು ಸುಲ್ತಾನ್ 18ನೇ ಶತಮಾನದಲ್ಲೇ ಮಾಡಿದ್ದ. ಸೈನಿಕರ ಅಂಗಿಯ ಮೇಲೆ ಹುಲಿಪಟ್ಟೆ, ಫಿರಂಗಿಯ ಬಾಯಲ್ಲಿ ಹುಲಿಮುಖ, ಸಿಂಹಾಸನದ ಸುತ್ತ ಚಿನ್ನದ ಹುಲಿತಲೆಗಳು. ಅವನ ಸಮಾಧಿಯಿರುವ ಗುಂಬಜ್‌ನ ಒಳಗೆ ಹೋದರೆ ಗೋಡೆಗಳ ಮೇಲೆ ಈಗಲೂ ಅದೇ ಪಟ್ಟೆ. ನೋಡಲು ಪೂರ್ತಿ ಹುಲಿಯೇ ಬೇಕಿಲ್ಲ, ಬಾಗಿದ ನಾಲ್ಕು ಗೆರೆ ಕಂಡರೆ ಸಾಕು, ಯಾರದ್ದು ಅಂತ ಗೊತ್ತಾಗುತ್ತದೆ. ಡಿಸೈನ್ ಕಲಿಸುವವರು ಇವತ್ತೂ ಹೇಳುವುದು ಇದನ್ನೇ ಅಲ್ವಾ?

ಬ್ರಿಟಿಷ್ ಸಿಪಾಯಿಯ ಮೇಲೆ ಎರಗಿ ಕೂತ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಿಡಿಕೆ ತಿರುಗಿಸಿದರೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟದ ಸದ್ದು ಬರುತ್ತದೆ. ಅದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. 1799ರಲ್ಲಿ ಕೋಟೆ ಗೆದ್ದವರಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಮಾಡಿಸಿ ಹಂಚಿತು. ಅದರ ಒಂದು ಮುಖದಲ್ಲಿ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿ ಮೆಟ್ಟಿ ನಿಂತಿದೆ. ರಾಜರ ಚಿತ್ರ ಇಲ್ಲ, ಸೇನಾಪತಿಯ ಚಿತ್ರವೂ ಇಲ್ಲ. ಎರಡು ಪ್ರಾಣಿಗಳ ಜಗಳ, ಅಷ್ಟೇ. ಇವತ್ತು ಫೈನಲ್ ಪಂದ್ಯದ ದಿನ ಮೊಬೈಲಿನಲ್ಲಿ ಓಡಾಡುವ ಚಿತ್ರಗಳ ಅಜ್ಜ ಅನ್ನಬಹುದು.

ಮುಂದಿನ ಪ್ರಾಣಿ ಬಚ್ಚಲುಮನೆಗೇ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿಗೆ ಹೋಗಬೇಕಿದ್ದ ಗಂಧದ ಮರ ಮೈಸೂರಿನಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. ಎರಡು ವರ್ಷಕ್ಕೆ ಮೈಸೂರು ಸ್ಯಾಂಡಲ್ ಸೋಪು ಬಂತು. ಅದರ ಗುರುತು ಶರಭ: ಆನೆಯ ತಲೆ, ಸಿಂಹದ ಮೈ. ಕರ್ನಾಟಕದ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಎರಡೂ ಬದಿಗೆ ನಿಂತಿರುವುದೂ ಇಂಥದ್ದೇ ಜೋಡಿ. ಗಂಡಭೇರುಂಡ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೂ ಇದೆ. ಹೀಗೆ ದಿನಾ ನೋಡುತ್ತೇವೆ, ಮುಟ್ಟುತ್ತೇವೆ. ಆದರೆ ನೂರು ವರ್ಷದಲ್ಲಿ ಆ ಶರಭ ಒಂದೇ ಒಂದು ಸಲ ಸೀನಿಲ್ಲ, ಜಾರಿ ಬಿದ್ದಿಲ್ಲ, ಯಾರಿಗೂ ಕಣ್ಣು ಹೊಡೆದಿಲ್ಲ.

ನನಗೆ ಕಾಣುವ ವ್ಯತ್ಯಾಸ ಇದೇ. ಅರಮನೆಯಿಂದ, ದೇವಸ್ಥಾನದಿಂದ ಬಂದ ಪ್ರಾಣಿಗಳ ಮುಂದೆ ನಾವು ಸ್ವಲ್ಪ ಬಗ್ಗಿಯೇ ನಿಲ್ಲುತ್ತೇವೆ. ಮ್ಯಾಸ್ಕಾಟ್ ಹಾಗಲ್ಲ. ಅದರ ಕಾಲೆಳೆಯಬಹುದು. ಅದು ಪೆದ್ದುಪೆದ್ದಾಗಿ ಆಡಬೇಕು, ಏಟು ತಿನ್ನಬೇಕು, ಎದ್ದು ನಿಂತು ಮತ್ತೆ ಸಾಮಾನು ಮಾರಬೇಕು.

ಈ ದಾರಿ ತೋರಿಸಿದವನು ಫ್ರಾನ್ಸಿನ ಟೈರ್ ಮನುಷ್ಯ. 1894ರಲ್ಲಿ ಲಿಯಾನ್ ನಗರದ ವಸ್ತುಪ್ರದರ್ಶನದಲ್ಲಿ ಟೈರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅದನ್ನು ನೋಡಿದ ಟೈರ್ ಕಂಪನಿಯ ಎಡ್ವಾರ್ಡ್ ಮಿಶ್ಲಾನ್‌ಗೆ, ಕೈಗಳಿದ್ದರೆ ಥೇಟ್ ಮನುಷ್ಯನ ಹಾಗೇ ಇದೆಯಲ್ಲ ಅನ್ನಿಸಿತು. 1898ರಲ್ಲಿ ಓ'ಗ್ಯಾಲೋ ಎಂಬ ಚಿತ್ರಕಾರ ಅವನನ್ನು ಪೋಸ್ಟರಿಗೆ ತಂದ. ಕೈಯಲ್ಲಿ ಮೊಳೆ, ಗಾಜಿನ ಚೂರು ತುಂಬಿದ ಬಟ್ಟಲು. ರಸ್ತೆಯ ಅಡ್ಡಿಗಳನ್ನೆಲ್ಲ ಈ ಟೈರು ಕುಡಿದುಬಿಡುತ್ತದೆ ಅನ್ನುವುದು ತಮಾಷೆ. ಅವನು ಇವತ್ತೂ ಬೆಳ್ಳಗಿದ್ದಾನೆ. ಕಾರಣ, ಆಗಿನ ಟೈರುಗಳು ಕಪ್ಪಾಗಿರುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಈ ತಮಾಷೆ ಚಿಗುರಿದ್ದು 1946ರಲ್ಲಿ. ಏರ್ ಇಂಡಿಯಾದ ಬಾಬಿ ಕೂಕಾ ಮತ್ತು ಚಿತ್ರಕಾರ ಉಮೇಶ್ ರಾವ್ ಸೇರಿ ಒಬ್ಬ ಮಹಾರಾಜನನ್ನು ಹುಟ್ಟಿಸಿದರು. ದಪ್ಪ ಮೀಸೆ, ಪಟ್ಟೆ ಪೇಟ, ಗಿಣಿಮೂಗು. ಬೇರೆ ಪದ ಸಿಗದೆ ಮಹಾರಾಜ ಅಂತ ಕರೆಯುತ್ತಿದ್ದೇವೆ, ಅವನ ರಕ್ತವೇನೂ ರಾಜರಕ್ತ ಅಲ್ಲ ಎಂದು ಕೂಕಾ ಮೊದಲೇ ಹೇಳಿಬಿಟ್ಟಿದ್ದರು. ಆಗ ಮೈಸೂರಿನಲ್ಲಿ ನಿಜವಾದ ಮಹಾರಾಜರೇ ಇದ್ದರು, ಜಯಚಾಮರಾಜೇಂದ್ರ ಒಡೆಯರ್. ಇಂಥ ಚೇಷ್ಟೆ ಮೈಸೂರಿನಲ್ಲಿ ಹುಟ್ಟದೆ ಮುಂಬೈಯ ಆಫೀಸೊಂದರಲ್ಲಿ ಹುಟ್ಟಿದ್ದು ಸಹಜವೇ.

ಆದರೆ ಚೇಷ್ಟೆ ಮಾಡಬಲ್ಲವನೊಬ್ಬ ಮೈಸೂರಿನಲ್ಲೇ ಬೆಳೆಯುತ್ತಿದ್ದ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಇದೇ ಊರಲ್ಲಿ. ಕಾಗೆಗಳನ್ನು ನೋಡುತ್ತ, ಬರೆಯುತ್ತ ಬೆಳೆದ ಹುಡುಗ. ಮುಂಬೈಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಮಹಾರಾಜಾ ಕಾಲೇಜಿಗೆ ಸೇರಿದರು. ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದರು. ಕಲಾಶಾಲೆ ಕೈಬಿಟ್ಟಿದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಅಲ್ಲಿ ಕಲಿತಿದ್ದರೆ ಅಗ್ರಹಾರದ ಜಗಲಿ ಮೇಲೆ ಕೂತವರ ಮುಖ ಅಷ್ಟು ಚೆನ್ನಾಗಿ ಬರುತ್ತಿತ್ತೋ ಇಲ್ಲವೋ.

1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಲಕ್ಷ್ಮಣ್ ಒಬ್ಬ ತುಂಟ ಹುಡುಗನನ್ನು ಬರೆದುಕೊಟ್ಟರು. ಹಣೆ ಮೇಲೆ ಇಳಿಬಿದ್ದ ಕೂದಲು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಪೇಂಟ್ ಡಬ್ಬ. ಮುಖ ನೋಡಿದರೆ ಈಗಷ್ಟೇ ಏನೋ ಕಿತಾಪತಿ ಮಾಡಿ ಬಂದ ಹಾಗೆ. ಹೆಸರಿಡಲು ಕಂಪನಿ ಸ್ಪರ್ಧೆ ಇಟ್ಟಿತು, ಬಹುಮಾನ 500 ರೂಪಾಯಿ. 47 ಸಾವಿರಕ್ಕೂ ಹೆಚ್ಚು ಹೆಸರು ಬಂದವು. 'ಗಟ್ಟು' ಗೆದ್ದ. ಆ ಕಾಲದಲ್ಲಿ ಪೇಂಟ್ ಆರಿಸುತ್ತಿದ್ದವರು ಮನೆಯವರಲ್ಲ, ಅಂಗಡಿಯವರು ಮತ್ತು ಪೇಂಟರುಗಳು. ಡಬ್ಬದ ಮೇಲಿನ ಇಂಗ್ಲಿಷ್ ಓದಲು ಬಾರದವರೂ 'ಆ ಹುಡುಗನ ಡಬ್ಬ ಕೊಡಿ' ಅಂತ ಕೇಳಬಹುದಿತ್ತು. ಗಟ್ಟುವಿನ ಕೆಲಸ ಇದೇ. ಸುಮ್ನೆ ಮುದ್ದಾಗಿ ನಿಲ್ಲುವುದಲ್ಲ.

ಕಾಲ ಬದಲಾದಾಗ ಆ ಕೆಲಸವೂ ಹೋಯಿತು. ಪೇಂಟ್ ಅಂದರೆ ಗೋಡೆಗೆ ಬಳಿಯುವ ಬಣ್ಣ ಅನ್ನುವುದು ಹೋಗಿ, ಮನೆಯ ಅಂದ, ಗಂಡ ಹೆಂಡತಿ ಕೂತು ಶೇಡ್ ಕಾರ್ಡ್ ನೋಡಿ ತೀರ್ಮಾನಿಸುವ ವಿಷಯ ಅನ್ನುವುದು ಬಂತು. ಹೊಸ ಸಹಸ್ರಮಾನದ ಆರಂಭದಲ್ಲಿ ಕಂಪನಿ ಗಟ್ಟುವನ್ನು ಮನೆಗೆ ಕಳಿಸಿತು. ಲೆಕ್ಕಾಚಾರ ಸರಿಯಿದ್ದಿರಬಹುದು. ಆದರೂ ಆಮೇಲೆ ಬಂದ ಆ ಕಂಪನಿಯ ಲೋಗೋ ಬರೆದು ತೋರಿಸಿ ಅಂದರೆ ಎಷ್ಟು ಜನಕ್ಕೆ ಆದೀತು?

ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳ 'ಕಾಮನ್ ಮ್ಯಾನ್' ಕೂಡ ಕೊನೆಗೆ ಮ್ಯಾಸ್ಕಾಟ್ ಆದ. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ, ಕಡಿಮೆ ದುಡ್ಡಿಗೆ ಹಾರುವ ವಿಮಾನಕ್ಕೆ ಆ ಚೌಕಳಿ ಕೋಟಿನ ಮುದುಕನೇ ಗುರುತು. ಏರ್ ಇಂಡಿಯಾಗೆ ಮಹಾರಾಜ, ಡೆಕ್ಕನ್‌ಗೆ ಪ್ರಜೆ! ಕಂಪನಿ ಕಿಂಗ್‌ಫಿಷರ್ ಕೈಗೆ ಹೋಗಿ ಹೆಸರು ಬದಲಾದಾಗ ಪ್ರಜೆ ಕೆಳಗಿಳಿದ. 2023ರಲ್ಲಿ ಏರ್ ಇಂಡಿಯಾ ಹೊಸ ಲೋಗೋ ತಂದಾಗ ಮಹಾರಾಜನೂ ಹಿಂದಿನ ಸಾಲಿಗೆ ಸರಿದ.

1966ರಲ್ಲಿ ಎರಡು ಮುಖ್ಯ ಪಾತ್ರಗಳು ಹುಟ್ಟಿದವು. ಒಂದು ಅಮೂಲ್ ಹುಡುಗಿ. ಸಿಲ್ವೆಸ್ಟರ್ ಡಕುನ್ಹಾ ಅವರ ಯೋಚನೆ, ಯೂಸ್ಟೇಸ್ ಫರ್ನಾಂಡಿಸ್ ಅವರ ಗೆರೆ. ನೀಲಿ ಕೂದಲು, ಚುಕ್ಕಿ ಫ್ರಾಕು, ಮೂಗೇ ಇಲ್ಲ. ಅವಳು ಇನ್ನೂ ಬಾಳುತ್ತಿರುವ ಗುಟ್ಟು ಒಂದೇ: ದೇಶದಲ್ಲಿ ಏನೇ ಆದರೂ ಹೋರ್ಡಿಂಗ್ ಮೇಲೆ ಬಂದು ಒಂದು ಕೊಂಕು ನುಡಿಯುತ್ತಾಳೆ. ಇನ್ನೊಂದು ಇಂಗ್ಲೆಂಡಿನ ವಿಶ್ವಕಪ್ ಫುಟ್‌ಬಾಲ್‌ನ ಸಿಂಹ, ವಿಲ್ಲೀ. ವಿಶ್ವಕಪ್ ಮ್ಯಾಸ್ಕಾಟ್‌ಗಳಲ್ಲಿ ಮೊದಲನೆಯದು. ಅಲ್ಲಿಂದ ಆಟದ ಜಗತ್ತು ಇದರ ರುಚಿ ಹಿಡಿಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಓಟ್ಲ್ ಐಷರ್ 'ವಾಲ್ಡಿ' ಎಂಬ ಉದ್ದಮೈ ನಾಯಿಯನ್ನು ಮಾಡಿದ. ಮ್ಯಾರಥಾನ್ ಓಡುವ ದಾರಿಯನ್ನೂ ಆ ನಾಯಿಯ ಆಕಾರದಲ್ಲೇ ಹಾಕಿದ್ದರು. 1980ರ ಮಾಸ್ಕೋದಲ್ಲಿ 'ಮಿಶಾ' ಕರಡಿಯನ್ನು ಸಮಾರೋಪದ ದಿನ ಬಲೂನು ಕಟ್ಟಿ ಆಕಾಶಕ್ಕೆ ಬಿಟ್ಟರು. 1996ರ ಅಟ್ಲಾಂಟಾಗೆ ಮಾಡಿದ 'ಇಜ್ಜಿ' ಮಾತ್ರ ಪ್ರಾಣಿಯೋ ವಸ್ತುವೋ ಯಾರಿಗೂ ತಿಳಿಯಲಿಲ್ಲ. ಅದಕ್ಕೆ ಮೊದಲು ಇಟ್ಟ ಹೆಸರೇ 'ಇದೇನು' ಅನ್ನುವ ಅರ್ಥದ್ದು. ಜನ ಆಡಿಕೊಂಡು ನಕ್ಕರು.

ನಮಗೆ ಸಿಕ್ಕಿದ್ದು 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನ 'ಅಪ್ಪು' ಆನೆಮರಿ. ಕನ್ನಡದವರಿಗೆ ಅಪ್ಪು ಅಂದರೆ ಒಬ್ಬರೇ, ಆ ಮಾತು ಬೇರೆ. ಕಲರ್ ಟಿವಿ ಬಂದ ವರ್ಷವೂ ಅದೇ ಆದ್ದರಿಂದ ಬಣ್ಣದಲ್ಲಿ ಮನೆಮನೆಗೆ ಬಂದ ಮೊದಲ ಮ್ಯಾಸ್ಕಾಟ್ ಅದು. 1984ರಲ್ಲಿ ದಿಲ್ಲಿಯಲ್ಲಿ 'ಅಪ್ಪು ಘರ್' ಎಂಬ ಮಕ್ಕಳ ಪಾರ್ಕೂ ಬಂತು, 2008ರವರೆಗೆ ನಡೆಯಿತು. ಅಪ್ಪುವಿಗೆ ಮಾದರಿಯಾದದ್ದು ಕೇರಳದ ಕುಟ್ಟಿನಾರಾಯಣನ್ ಎಂಬ ನಿಜವಾದ ಆನೆಮರಿ. ಅದು ಮುಂದೆ ಗುಂಡಿಗೆ ಬಿದ್ದು ಕಾಲು ಊನ ಮಾಡಿಕೊಂಡಿತು, 2005ರಲ್ಲಿ ಸತ್ತಿತು. ಚಿತ್ರದ ಅಪ್ಪುವಿಗೆ ಏನೂ ಆಗಲಿಲ್ಲ. ರೈಲ್ವೆಯ 150ನೇ ವರ್ಷಕ್ಕೆ ಬಂದದ್ದೂ ಆನೆಯೇ: ಹಸಿರು ದೀಪ ಹಿಡಿದ ಗಾರ್ಡ್ 'ಭೋಲು'. ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಯವರು ಬರೆದ ಇದು ಮೊದಲು ಜನರ ಮುಂದೆ ಬಂದದ್ದು 2002ರಲ್ಲಿ, ಬೆಂಗಳೂರಿನಲ್ಲಿ.

ಇವೆಲ್ಲ ನೋಡಿದಾಕ್ಷಣ ಯಾಕೆ ಇಷ್ಟವಾಗುತ್ತವೆ? ಕೊನ್ರಾಡ್ ಲೊರೆನ್ಜ್ ಎಂಬ ವಿಜ್ಞಾನಿ 1943ರಲ್ಲಿ ಹೇಳಿದ್ದು ಇದು: ದೊಡ್ಡ ತಲೆ, ಅಗಲ ಹಣೆ, ದೊಡ್ಡ ಕಣ್ಣು, ಗುಂಡು ಕೆನ್ನೆ ಕಂಡರೆ ಎಳೆಗೂಸು ಕಂಡ ಹಾಗೆ ನಮ್ಮ ಮನಸ್ಸು ಕರಗುತ್ತದೆ. ಮಿಕ್ಕಿ ಮೌಸ್ ಕೂಡ ವರ್ಷ ಕಳೆದಂತೆ ದೊಡ್ಡವನಾಗಲಿಲ್ಲ, ತಲೆ ಕಣ್ಣು ದೊಡ್ಡದಾಗಿ ಮಗುವಾಗುತ್ತಾ ಹೋದ. ಆದರೆ ಮುದ್ದು ಇದ್ದರೆ ಸಾಲದು. ಅಂಚೆಚೀಟಿಯಷ್ಟು ಸಣ್ಣದಾಗಿಸಿದರೂ ಗುರುತು ಹತ್ತಬೇಕು, ಒಳಗೆಲ್ಲ ಕಪ್ಪು ಬಳಿದು ಬರೀ ನೆರಳು ಮಾಡಿದರೂ ಇಂಥವನೇ ಅನ್ನಬೇಕು. ವೊಡಾಫೋನ್ 2009ರ ಐಪಿಎಲ್‌ನಲ್ಲಿ ತಂದ 'ಜೂಜೂ'ಗಳು ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ಅವು ಕಾರ್ಟೂನು ಅಂತ ತುಂಬಾ ಜನ ನಂಬಿದ್ದರು. ನಿಜವಾಗಿ ಬಿಳಿ ಬಟ್ಟೆಯೊಳಗೆ ಮನುಷ್ಯರೇ ಇದ್ದರು.

ದುಡ್ಡಿನ ಕಡೆಗೂ ಬರೋಣ. ಮೈಸೂರು ಸ್ಯಾಂಡಲ್‌ಗೆ 2025ರಲ್ಲಿ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ, 'ಕನ್ನಡದವರು ಯಾರೂ ಸಿಗಲಿಲ್ವಾ' ಎಂದು ಗಲಾಟೆಯಾಯಿತು. ಡಬ್ಬದ ಮೇಲಿನ ಶರಭ ನೂರು ವರ್ಷದಿಂದ ಸಂಬಳ ಕೇಳಿಲ್ಲ. ಅದಕ್ಕೆ ನಡೆದಾಡಲು, ಮಾತಾಡಲು ಕಲಿಸಿದ್ದರೆ ಎಷ್ಟು ಅಗ್ಗಕ್ಕೆ ಕೆಲಸ ಆಗುತ್ತಿತ್ತು ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಹಕ್ಕು ಯಾರದ್ದು ಅನ್ನುವುದೂ ದೊಡ್ಡ ವಿಷಯ. ಅಮೆರಿಕದ ಫಿಲಡೆಲ್ಫಿಯಾದ ಬೇಸ್‌ಬಾಲ್ ತಂಡ 1978ರಲ್ಲಿ 'ಫನಾಟಿಕ್' ಎಂಬ ಹಸಿರು ಬೊಂಬೆ ಮಾಡಿಸಿತು. ಬರೀ ವೇಷಕ್ಕೆ 3,900 ಡಾಲರ್, ಹಕ್ಕೂ ಸೇರಿದರೆ 5,200. ತಂಡದವರು ಜಾಣತನ ಮಾಡಿ ಬರೀ ವೇಷ ತೆಗೆದುಕೊಂಡರು. ಕೆಲವೇ ವರ್ಷಕ್ಕೆ ಅದೇ ಹಕ್ಕಿಗೆ ಎರಡು ಲಕ್ಷಕ್ಕೂ ಹೆಚ್ಚು ಡಾಲರ್ ತೆತ್ತರು. ಜಪಾನಿನ ಕುಮಾಮೊಟೊ ಜಿಲ್ಲೆಯವರು ಇದರ ಉಲ್ಟಾ ಹೋದರು. 2010ರಲ್ಲಿ ಕೆಂಪು ಕೆನ್ನೆಯ ಕಪ್ಪು ಕರಡಿ 'ಕುಮಾಮೊನ್' ಬಂತು. ಬುಲೆಟ್ ರೈಲು ಬರುತ್ತಿತ್ತು, ಜನ ತಮ್ಮ ಊರಲ್ಲಿ ಇಳಿಯದೆ ಮುಂದೆ ಹೋಗಿಬಿಟ್ಟರೆ ಏನು ಗತಿ ಅನ್ನುವ ಚಿಂತೆ. ಊರಿನ ವ್ಯಾಪಾರಿಗಳು ಅನುಮತಿ ಪಡೆದರೆ ಸಾಕು, ಫೀಸಿಲ್ಲದೆ ಆ ಕರಡಿಯನ್ನು ತಮ್ಮ ಪೊಟ್ಟಣದ ಮೇಲೆ ಹಾಕಿಕೊಳ್ಳಬಹುದು. ಬಿಸ್ಕತ್ತು, ಬ್ಯಾಗು, ಕೊನೆಗೆ ಜಿಲ್ಲೆಯ ಹೆಸರೇ ಆ ಕರಡಿಯಿಂದ ಗೊತ್ತಾಯಿತು.

ಚೆನ್ನೈನವರೂ 2022ರ ಚೆಸ್ ಒಲಿಂಪಿಯಾಡ್‌ಗೆ ಕುದುರೆಗೆ ಬಿಳಿ ಪಂಚೆ ಉಡಿಸಿ 'ತಂಬಿ' ಅಂತ ಹೆಸರಿಟ್ಟು ಊರೆಲ್ಲ ನಿಲ್ಲಿಸಿದರು. ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಕುದುರೆಗೆ ಪಂಚೆ ಉಡಿಸಲು ಅವರು ಹಿಂದೆಮುಂದೆ ನೋಡಲಿಲ್ಲ.

ಮೈಸೂರಿನಲ್ಲಿ ಈ ಜಾಗವನ್ನು ಸದ್ಯಕ್ಕೆ ತುಂಬಿರುವುದು ದಸರಾ ಆನೆಗಳು. ಬಲರಾಮ, ಅರ್ಜುನ, ಅಭಿಮನ್ಯು ಅಂದರೆ ಮಕ್ಕಳಿಗೂ ಗೊತ್ತು. ಆನೆಗಳ ತೂಕ ಎಷ್ಟು ಜಾಸ್ತಿಯಾಯಿತು ಅನ್ನುವುದೂ ಪೇಪರಿನಲ್ಲಿ ಸುದ್ದಿ. ಆದರೆ ಅವು ಜೀವ ಇರುವ ಪ್ರಾಣಿಗಳು. ಎಂಟು ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಾಡಿನಲ್ಲಿ ಕಾಡಾನೆಯ ಜತೆ ಕಾದಾಡಿ ಸತ್ತಾಗ ಜನ ಮನೆಯವರನ್ನು ಕಳೆದುಕೊಂಡವರ ಹಾಗೆ ಅತ್ತರು. ಊರಿನ ಪ್ರಚಾರದ ಭಾರವನ್ನೂ ಆ ಬೆನ್ನುಗಳ ಮೇಲೆ ಹೇರುವುದು ನ್ಯಾಯವಲ್ಲ.

ಹಾಗಾದರೆ ಯಾವುದು ಬೇಕು? ನನ್ನನ್ನು ಕೇಳಿದರೆ ಅರಮನೆಯ ಪ್ರಾಣಿ ಬೇಡ. ದೇವರಾಜ ಮಾರುಕಟ್ಟೆಯ ಮಲ್ಲಿಗೆ, ನಂಜನಗೂಡಿನ ರಸಬಾಳೆ, ಮಂಡ್ಯದ ಬೆಲ್ಲ, ಇಂಥವುಗಳಲ್ಲಿ ಒಂದಕ್ಕೆ ಕೈಕಾಲು ಬರಲಿ. ಊದುಬತ್ತಿ ಅಂಗಡಿಯವನೂ ಮೈಸೂರು ಪಾಕ್ ಮಾರುವವನೂ ಫೀಸಿಲ್ಲದೆ ಬಳಸುವಂತಿರಲಿ. ಕಷ್ಟ ಏನೆಂದರೆ, ಇದಕ್ಕೊಂದು ಸಮಿತಿ ಆಗಿ, ಸ್ಪರ್ಧೆ ಕರೆದು, ಉದ್ಘಾಟನೆಗೆ ದಿನ ಗೊತ್ತಾದರೆ, ಗೆಲ್ಲುವುದು ಮಾತ್ರ ಮೈಸೂರು ಪೇಟ ತೊಟ್ಟು ಕೈ ಮುಗಿದು ನಿಂತ ಇನ್ನೊಂದು ಆನೆಯೇ.