ನೆರಳು ಬೀಳಿಸಲಾಗದ ಕನ್ನಡಕ

ಮೇ ತಿಂಗಳ ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅಂಥದ್ದೊಂದು ಮಧ್ಯಾಹ್ನ, ಬೆಂಗಳೂರಿನಿಂದ ರಜೆಗೆ ಬಂದಿದ್ದ ಅಕ್ಕನ ಮಗ ನನ್ನನ್ನು ಮಾಳಿಗೆ ಹತ್ತಿಸಿದ. ಆಫೀಸಿನಿಂದ ಒಂದು ಎಆರ್ ಕನ್ನಡಕ ತಂದಿದ್ದ. ಆಗ್ಮೆಂಟೆಡ್ ರಿಯಾಲಿಟಿ. ಕಣ್ಣೆದುರಿನ ಲೋಕದ ಮೇಲೆ ಇನ್ನೊಂದು ಚಿತ್ರ ಕೂರಿಸುವ ಕನ್ನಡಕ.

"ಮಾಮ, ಗುಡ್ಡದ ಕಡೆ ನೋಡ್ರಿ. ಕ್ವಾಟಿ ಮ್ಯಾಲ ಆನಿ ನಿಂತೈತಿ."

ನೋಡಿದೆ. ಗುಡ್ಡ ಇತ್ತು, ಕೋಟೆ ಇತ್ತು. ಆನೆ ಇರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಎಲ್ಲೋ ಒಂದು ಜೊತೆ ಬಿಳಿ ದಂತ ತೇಲಿದ ಹಾಗಾಯಿತು, ಅಷ್ಟೇ. ಹಿಂದೆಯೇ ಮೆಟ್ಟಿಲು ಹತ್ತಿ ಬಂದ ನಮ್ಮವ್ವ ಅದನ್ನು ಹಾಕಿಕೊಂಡು, "ಏನೂ ಕಾಣವಲ್ದಲ್ಲೋ, ನನ್ನ ಚಾಳೀಸೇ ಚಲೋ ಐತಿ" ಅಂದು ವಾಪಸ್ ಕೊಟ್ಟಳು. ಅಳಿಯನ ಮುಖ ಸಣ್ಣದಾಯಿತು. ಕನ್ನಡಕ ಕೆಟ್ಟಿದೆ ಅಂದುಕೊಂಡ. ಕೆಟ್ಟಿರಲಿಲ್ಲ. ಅವನಿಗೆ ಜಾಹೀರಾತು ಸುಳ್ಳು ಹೇಳಿತ್ತು.

ಈ ಜಾಹೀರಾತುಗಳ ಮೇಲೆ ನನಗೆ ಹಳೇ ಸಿಟ್ಟು. ಸುಮಾರು ಹತ್ತು ವರ್ಷದ ಹಿಂದೆ, ಎಆರ್ ಕನ್ನಡಕ ಮಾಡುವ ಮ್ಯಾಜಿಕ್ ಲೀಪ್ ಕಂಪನಿಯ ಒಂದು ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು. ಶಾಲೆಯೊಂದರ ಒಳಾಂಗಣ ಆಟದ ಅಂಗಳದ ನೆಲ ಸೀಳಿಕೊಂಡು ದೊಡ್ಡ ತಿಮಿಂಗಿಲ ಮೇಲಕ್ಕೆ ಹಾರುತ್ತದೆ, ಕೂತ ಮಕ್ಕಳು ಹೋ ಅನ್ನುತ್ತಾರೆ. ಅದು ಯಾವ ಕನ್ನಡಕದ ಮೂಲಕ ತೆಗೆದದ್ದೂ ಅಲ್ಲ. ವಿಡಿಯೊಗೆ ಆಮೇಲೆ ಚಿತ್ರ ಸೇರಿಸಿದ್ದು. ವಿಡಿಯೊದಲ್ಲಿ ಏನು ಬೇಕಾದರೂ ಮಾಡಬಹುದು. ಪಾರದರ್ಶಕ ಗಾಜಿನಲ್ಲಿ ಆಗುವುದಿಲ್ಲ. ಈ ವ್ಯತ್ಯಾಸ ತಿಳಿದರೆ ಎಆರ್ ಕನ್ನಡಕದ ಅರ್ಧ ಗುಟ್ಟು ತಿಳಿದಂತೆ.

ಬಳ್ಳಾರಿಯಿಂದ ರಾಯಚೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದೀರಾ? ಸಿರುಗುಪ್ಪ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ, ಗಾಢ ಕತ್ತಲು. ಬಸ್ಸಿನೊಳಗೆ ದೀಪ ಹತ್ತಿದ್ದರೆ ಕಿಟಕಿ ಗಾಜಿನಲ್ಲಿ ನಿಮ್ಮ ಮುಖ ಕಾಣುತ್ತದೆ. ಮುಖ ಗಾಜಿನ ಮೇಲಿಲ್ಲ, ಆಚೆ ಗದ್ದೆಯ ಮೇಲೆ ತೇಲುತ್ತಾ ನಿಮ್ಮ ಜೊತೆಗೇ ಬರುತ್ತಿರುತ್ತದೆ. ಅದೇ ಬಸ್ಸು, ಅದೇ ಕಿಟಕಿ, ಹಗಲಿನಲ್ಲಿ ನೋಡಿ. ಮುಖ ಮಾಯ. ಗಾಜು ಹಗಲಲ್ಲೂ ಅಷ್ಟೇ ಬೆಳಕನ್ನು ವಾಪಸ್ ಕಳಿಸುತ್ತಿದೆ. ಆದರೆ ಹೊರಗಿನ ಬೆಳಕಿನ ಹೊಳೆಯಲ್ಲಿ ಅದು ಒಂದು ಚಮಚ ನೀರು.

ಇದನ್ನೇ ಬಂಡವಾಳ ಮಾಡಿಕೊಂಡವನು ಜಾನ್ ಹೆನ್ರಿ ಪೆಪ್ಪರ್. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ 1862ರ ಕ್ರಿಸ್‌ಮಸ್ ಹಿಂದಿನ ದಿನ ರಂಗದ ಮೇಲೆ ದೆವ್ವ ತಂದ. ಮೂಲ ಉಪಾಯ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು, ಹೆಸರು ಮಾತ್ರ ಪೆಪ್ಪರನಿಗೆ ಹೋಯಿತು. ರಂಗಕ್ಕೂ ಜನಕ್ಕೂ ನಡುವೆ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು. ಕೆಳಗೆ ಗುಂಡಿಯಲ್ಲಿ, ಜನರ ಕಣ್ಣಿಗೆ ಬೀಳದಂತೆ, ಬಿಳಿ ಬಟ್ಟೆ ಉಟ್ಟ ನಟ. ಅವನ ಮೇಲೆ ಝಗಮಗ ದೀಪ ಬಿಟ್ಟರೆ ಗಾಜಿನಲ್ಲಿ ಅವನ ಬಿಂಬ ಮೂಡಿ, ರಂಗದ ಮೇಲಿನ ನಿಜವಾದ ನಟನ ಪಕ್ಕದಲ್ಲೇ ನಿಂತಂತೆ ಕಾಣುತ್ತಿತ್ತು. ಅರೆಪಾರದರ್ಶಕ ದೆವ್ವ, ಹಿಂದಿನ ಕುರ್ಚಿ ಮೇಜು ಎಲ್ಲ ಅದರ ಮೈಯೊಳಗಿಂದ ಕಾಣುತ್ತವೆ. ದೆವ್ವಕ್ಕೆ ನೆರಳಿರುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಪೆಪ್ಪರನ ದೆವ್ವಕ್ಕೆ ಅದು ಅಕ್ಷರಶಃ ನಿಜ.

ಈಗಿನ ಎಆರ್ ಕನ್ನಡಕ ಅಂದರೆ ಮೂಗಿನ ಮೇಲೆ ಕೂತ ಪೆಪ್ಪರನ ಗಾಜು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಮೊದಲ ಬಾರಿಗೆ ಇಂಥದ್ದನ್ನು ಕಂಪ್ಯೂಟರಿಗೆ ಜೋಡಿಸಿದಾಗ ಅದು ಎಷ್ಟು ಭಾರವಿತ್ತೆಂದರೆ ಚಾವಣಿಯಿಂದ ನೇತುಹಾಕಬೇಕಾಯಿತು. ಗ್ರೀಕ್ ಕತೆಯ ಡಾಮೊಕ್ಲಿಸನ ತಲೆ ಮೇಲೆ ತೂಗುವ ಕತ್ತಿಯ ಹೆಸರನ್ನೇ ಅದಕ್ಕೆ ಇಟ್ಟರು. ಈಗ ಮೆಟಾ ಕಂಪನಿಯ ಒಂದು ಕನ್ನಡಕ ಬರೀ 69 ಗ್ರಾಂ. ಕೋಟಿಗಟ್ಟಲೆ ಡಾಲರ್ ಸುರಿದು ಸಾಧಿಸಿದ್ದು ಈ ಇಳಿಕೆ, ಸುಮ್ನೆ ಅಲ್ಲ. ಕನ್ನಡಕದ ಕಾಲಿನ ಅಂಚಿನಲ್ಲಿ ಚಿಟಿಕೆಯಷ್ಟು ಪ್ರೊಜೆಕ್ಟರ್. ಅದರ ಬೆಳಕು ತೆಳು ಗಾಜಿನ ಒಳಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಸಾಗಿ, ಕಣ್ಣಿನ ಎದುರಿಗೆ ಬಂದಾಗ ಹೊರಗೆ ಜಾರುತ್ತದೆ. ದಾರಿಯಲ್ಲಿ ಸೋರಿಕೆ ಭಯಂಕರ. ಹೊರಟ ಬೆಳಕಿನಲ್ಲಿ ಬಹುಪಾಲು ಕಣ್ಣಿಗೆ ಮುಟ್ಟುವುದೇ ಇಲ್ಲ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಹೊಳಪನ್ನು ನಿಟ್‌ಗಳಲ್ಲಿ ಅಳೆಯುತ್ತಾರೆ. 2025ರಲ್ಲಿ ಮೆಟಾ ಕಂಪನಿ 799 ಡಾಲರಿಗೆ ಮಾರಾಟಕ್ಕಿಟ್ಟ ಪರದೆಯಿರುವ ಕನ್ನಡಕದ ಹೊಳಪು 5,000 ನಿಟ್ ತನಕ ಹೋಗುತ್ತದೆ. ಬಹುತೇಕ ಫೋನುಗಳ ಪರದೆಗಿಂತ ಜಾಸ್ತಿ. ಆದರೆ ನಡುಹಗಲಿನ ಬಿಸಿಲು ನೆಲಕ್ಕೆ ಸುರಿಯುವುದು ಸುಮಾರು 1 ಲಕ್ಷ ಲಕ್ಸ್ ಬೆಳಕು (ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕಿನ ಅಳತೆ). ಅದು ಸುಣ್ಣ ಬಳಿದ ಗೋಡೆಗೆ ಬಿದ್ದರೆ ಗೋಡೆ 25,000 ನಿಟ್ ಮೀರಿ ಹೊಳೆಯುತ್ತದೆ. ಅದರ ಮೇಲೆ 5,000 ಕೂಡಿಸಿದರೆ 30,000. ಐದರಲ್ಲಿ ಒಂದು ಪಾಲು ಜಾಸ್ತಿ, ಅಷ್ಟೇ. ಬಿಳಿ ಗೋಡೆ ಮೇಲೆ ಬಿಳಿ ರಂಗೋಲಿ. ಅದೇ ರಾತ್ರಿ ಮನೆಯೊಳಗಿನ ಗೋಡೆ 50 ನಿಟ್ ಇದ್ದರೆ ಚಿತ್ರ ನೂರು ಪಟ್ಟು ಎದ್ದು ಕಾಣುತ್ತದೆ. ಹಗಲಲ್ಲಿ ನಕ್ಷತ್ರ ಕಾಣದಿರುವುದೂ ಇದೇ ಲೆಕ್ಕ. ನಕ್ಷತ್ರ ಎಲ್ಲೂ ಹೋಗಿರುವುದಿಲ್ಲ.

ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಹಾಕಿದರಾಯಿತು ಅಂತೀರಾ? ಹಾಕಿದ್ದಾರೆ. ತಮಾಷೆ ಅಂದರೆ ಆ ಗಾಜು ಬಿಸಿಯಾದಷ್ಟೂ ಕಡಿಮೆ ಕಪ್ಪಾಗುತ್ತದೆ. ಚಳಿ ಊರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಗಾಜು 40 ಡಿಗ್ರಿ ದಾಟಿದ ಬಳ್ಳಾರಿಯಲ್ಲಿ, ನಿಜವಾಗಿ ಬೇಕಾದ ಕಡೆಯೇ, ಕೈಕೊಡುತ್ತದೆ.

ಆದರೆ ಹೊಳಪು ಚಿಕ್ಕ ಸಮಸ್ಯೆ. ಇವತ್ತಲ್ಲ ನಾಳೆ 5,000 ಇದ್ದದ್ದು 50,000 ಆಗಬಹುದು. ನನ್ನನ್ನು ಹಿಡಿದಿಟ್ಟದ್ದು ಆ ಆನೆ. ಬಿಳಿ ದಂತ ಕಂಡಿತು, ಕರಿ ಮೈ ಯಾಕೆ ಕಾಣಲಿಲ್ಲ?

ಯಾಕೆಂದರೆ ಕಪ್ಪು ಬೆಳಕು ಅಂತ ಒಂದು ಇಲ್ಲ. ಪಾರದರ್ಶಕ ಕನ್ನಡಕಕ್ಕೆ ಬರುವುದು ಕೂಡುವ ಲೆಕ್ಕ ಮಾತ್ರ, ಕಳೆಯುವ ಲೆಕ್ಕ ಗೊತ್ತಿಲ್ಲ. ಸಾರಿಗೆ ಉಪ್ಪು ಹಾಕಬಹುದು, ಹಾಕಿದ್ದನ್ನು ತೆಗೆಯಲು ಬರುತ್ತದೆಯೇ? ಕಪ್ಪು ಆನೆ ತೋರಿಸು ಅಂದರೆ ಕನ್ನಡಕ ಆ ಜಾಗದಲ್ಲಿ ಬೆಳಕು ಬಿಡದೆ ಸುಮ್ಮನಿರುತ್ತದೆ. ಆಗ ಹಿಂದಿನ ಗುಡ್ಡ ಹಾಗೇ ಕಾಣುತ್ತದೆ. ಕಪ್ಪು ಅಂದರೆ ಇಲ್ಲಿ ಖಾಲಿ. ನೆರಳೂ ಅಷ್ಟೇ. ಚಿತ್ರದ ಕುದುರೆ ನಿಜವಾದ ನೆಲದ ಮೇಲೆ ನಿಂತಂತೆ ಅನಿಸಬೇಕಾದರೆ ಅದರ ಕಾಲ ಬುಡದಲ್ಲಿ ನೆರಳು ಬೀಳಬೇಕು. ನೆರಳಿಲ್ಲದಿದ್ದರೆ ಕಣ್ಣು ಒಪ್ಪುವುದಿಲ್ಲ, ಕುದುರೆ ಗಾಳಿಯಲ್ಲಿ ತೇಲುತ್ತದೆ. ಊರಿಡೀ ನೆರಳು ಹುಡುಕುವ ಬೇಸಿಗೆಯಲ್ಲಿ ಅಂಗೈಯಗಲ ನೆರಳೂ ಕೊಡಲಾರದ ಯಂತ್ರ ಇದು.

ಇಲ್ಲಿ ನಮ್ಮ ತೊಗಲುಗೊಂಬೆಯವರನ್ನು ನೆನೆಯದೆ ಇರಲಾಗದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಆಟಕ್ಕೇ ಬಾಳು ತೇಯ್ದವರು. ಆಡು, ಜಿಂಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಬರೆದು, ಬಿಳಿ ಪರದೆಯ ಹಿಂದೆ ದೀಪದ ಎದುರು ಆಡಿಸುತ್ತಾರೆ. ದೀಪದ ಬೆಳಕಿನಿಂದ ಬೇಡದ್ದನ್ನು ತೊಗಲು ನುಂಗಿ, ಬೇಕಾದ ಬಣ್ಣವನ್ನಷ್ಟೇ ಬಿಡುತ್ತದೆ. ಪೂರ್ತಿ ನುಂಗಿದರೆ ಕಪ್ಪು. ಅಂದರೆ ಇದು ಕಳೆಯುವ ಲೆಕ್ಕ, ಎಆರ್ ಕನ್ನಡಕದ ತದ್ವಿರುದ್ಧ. ಹಾಗಾಗಿಯೇ ಆ ಆಟದಲ್ಲಿ ಕರ್ರಗಿನ ಕಿಳ್ಳೇಕ್ಯಾತ ಬಂಗಾರಕ್ಕನ ಪಕ್ಕ ಕುಣಿದು ಜನರನ್ನು ನಗಿಸಲು ಸಾಧ್ಯ.

ಹಾಗಾದರೆ ಕನ್ನಡಕದ ಗಾಜಿನ ಮೇಲೆ ಬೇಕಾದ ಕಡೆ ಕಪ್ಪು ಚುಕ್ಕಿ ಮೂಡಿಸಿ ಹೊರಗಿನ ಬೆಳಕನ್ನು ಅಷ್ಟರ ಮಟ್ಟಿಗೆ ತಡೆದರೆ? ಪಿಯುಸಿ ಹುಡುಗರಿಗೆ ಪಾಠ ಮಾಡುವಾಗ ಈ ಪ್ರಶ್ನೆ ಕೇಳಿದವನಿಗೆ ನಾನು ಚಹಾ ಕುಡಿಸಿದ್ದೆ. ಉತ್ತರ ನಿಮ್ಮ ಮೂಗಿನ ಮೇಲೇ ಇದೆ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಹಿಂದೆ ಹೋಗಿ ಬನ್ನಿ. ಕನ್ನಡಕದ ಮೇಲೆ ಕೆಂಪು ಧೂಳಿನ ಕಣ ನೂರಾರು ಕೂತಿರುತ್ತವೆ. ಅವು ನೂರಾರು ಚುಕ್ಕಿಗಳಾಗಿ ಕಾಣುತ್ತವೆಯೇ? ಇಲ್ಲ, ಒಟ್ಟಾರೆ ಮಂಜು ಮಂಜು. ದೂರದ ಒಂದು ಬಿಂದುವಿನಿಂದ ಬರುವ ಬೆಳಕು ಗಾಜನ್ನು ದಾಟುವುದು ಎಳೆಯಾಗಿ ಅಲ್ಲ, ಕಣ್ಣಿನ ಪಾಪೆಯಷ್ಟು ದಪ್ಪದ ಹಗ್ಗವಾಗಿ. ಪಾಪೆ ಬಿಸಿಲಲ್ಲಿ ಸುಮಾರು 2 ಮಿಲಿಮೀಟರ್, ಕತ್ತಲಲ್ಲಿ ಇನ್ನೂ ದೊಡ್ಡದು. ಸಣ್ಣ ಚುಕ್ಕಿ ಆ ಹಗ್ಗದ ನಾಲ್ಕು ಎಳೆ ಕತ್ತರಿಸುತ್ತದೆ, ಹಗ್ಗ ಕಡಿಯುವುದಿಲ್ಲ. ಗೊಂಬೆಯಾಟದವರಿಗೆ ಇದು ಕೈಗೂಡಿದ ವಿದ್ಯೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಚೂಪು. ಹಿಂದಕ್ಕೆ ಎಳೆದರೆ ಕಲಸಿಹೋಗುತ್ತದೆ. ಕನ್ನಡಕದ ಚುಕ್ಕಿ ಆ ಹಿಂದಕ್ಕೆ ಎಳೆದ ಗೊಂಬೆಯ ಹಾಗೆ. ಅದನ್ನು ಒತ್ತಿ ಹಿಡಿಯಲು ಕಣ್ಣೆದುರಿಗೆ ಪರದೆ ಇಲ್ಲ.

ಪಾಪೆ ಸೂಜಿಮೊನೆಯಷ್ಟಿದ್ದರೆ ಕತೆ ಬೇರೆ ಇರುತ್ತಿತ್ತು. ಹಂಪಿಯ ವಿರೂಪಾಕ್ಷ ಗುಡಿಯ ಹಿಂಭಾಗದಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ತಲೆಕೆಳಗಾಗಿ ಮೂಡಿಸುವುದನ್ನು ನೀವು ನೋಡಿರುತ್ತೀರಿ. (2021ರಲ್ಲಿ ಹಂಪಿ ವಿಜಯನಗರ ಜಿಲ್ಲೆಗೆ ಹೋಯಿತು. ನನ್ನ ಬಾಯಲ್ಲಿ ಇನ್ನೂ ಬಳ್ಳಾರಿ ಜಿಲ್ಲೆಯೇ ಬರುತ್ತದೆ.) ಅದನ್ನು ಪವಾಡ ಅಂತ ಕೈಮುಗಿಯುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಸಾವಿರ ವರ್ಷದ ಹಿಂದೆಯೇ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಕತ್ತಲ ಕೋಣೆಯ ಕಿಂಡಿಯಲ್ಲಿ ಬೆಳಕು ಹೇಗೆ ನಡೆಯುತ್ತದೆ ಅಂತ ಪ್ರಯೋಗ ಮಾಡಿ ಬರೆದಿಟ್ಟಿದ್ದ. ಕಿಂಡಿ ಚಿಕ್ಕದಾದ್ದರಿಂದ ಗೋಪುರದ ಒಂದೊಂದು ಬಿಂದುವಿನಿಂದಲೂ ತೆಳು ಎಳೆ ಮಾತ್ರ ಒಳಗೆ ಬರುತ್ತದೆ. ಬಿಂಬ ಸ್ಪಷ್ಟ, ಆದರೆ ಮಂಕು. ನಮ್ಮ ಪಾಪೆ ಅಷ್ಟು ಚಿಕ್ಕದಾಗಿದ್ದರೆ ಕನ್ನಡಕದ ಕಪ್ಪು ಚುಕ್ಕಿ ಚೂಪಾಗಿ ಕಾಣುತ್ತಿತ್ತು. ಜೊತೆಗೆ ಜಗತ್ತೆಲ್ಲ ಸಂಜೆಯಾಗಿರುತ್ತಿತ್ತು.

2022ರ ಮ್ಯಾಜಿಕ್ ಲೀಪ್ 2 ಈ ತಡೆಯುವ ಕೆಲಸವನ್ನು ನಿಜಕ್ಕೂ ಮಾಡಿ ನೋಡಿತು. ಚಿತ್ರ ಇರುವ ಕಡೆ ಮಾತ್ರ ಗಾಜು ಕಪ್ಪಾಗುತ್ತದೆ. ಆದರೆ ಅಂಚು ಕಲಸಿದ, ಮೋಡದಂಥ ಕಪ್ಪು. ಇನ್ನೊಂದು ದಾರಿ ಪಾರದರ್ಶಕ ಗಾಜನ್ನೇ ಬಿಟ್ಟುಬಿಡುವುದು. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಮುಂದೆ ಕ್ಯಾಮೆರಾ, ಒಳಗೆ ಪರದೆ ಇಟ್ಟು ಲೋಕವನ್ನೇ ವಿಡಿಯೊ ಮಾಡಿ ತೋರಿಸುತ್ತದೆ. ಅಲ್ಲಿ ಎಲ್ಲವೂ ಅಂಕಿ, ಕೂಡಿಸಿ, ಕಳೆಯಿರಿ, ಆನೆ ಎಷ್ಟು ಬೇಕಾದರೂ ಕರ್ರಗಿರಲಿ. ಬೆಲೆ 3,499 ಡಾಲರ್, ತೂಕ 600 ಗ್ರಾಂ ಮೇಲೆ. ಅದನ್ನು ಮುಖಕ್ಕೆ ಕಟ್ಟಿಕೊಂಡು ಬ್ರೂಸ್‌ಪೇಟೆಯಲ್ಲಿ ತರಕಾರಿ ತರಲು ಹೋಗುವವರು ಹೋಗಲಿ.

ಉಳಿದ ಕೊರತೆಗಳು ನಿಮಗೆ ಗೊತ್ತಿರುವಂಥವೇ. ಬ್ಯಾಟರಿ, ಕಾವು, ಬೆಲೆ. ಎದುರಿಗಿರುವವರ ಮುಖವನ್ನು ಕೇಳದೆ ಸೆರೆಹಿಡಿಯುವ ಕ್ಯಾಮೆರಾ. 1,500 ಡಾಲರಿನ ಗೂಗಲ್ ಗ್ಲಾಸ್‌ಗೆ ಜನ ಮುಖ ಸಿಂಡರಿಸಿದ್ದಕ್ಕೆ ಅದೂ ಒಂದು ಕಾರಣ, 2015ರ ಜನವರಿಯಲ್ಲಿ ಜನಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸಿದರು. ಯಾರೂ ಹೇಳದ ಒಂದನ್ನು ನಾನು ಸೇರಿಸುತ್ತೇನೆ. ಮೊದಲು ಹೇಳಿದ ಮೆಟಾ ಕನ್ನಡಕದ ಪರದೆ 600 ಚುಕ್ಕಿ ಅಗಲ, 600 ಚುಕ್ಕಿ ಎತ್ತರ, ಅದೂ ಬಲಗಣ್ಣಿಗೆ ಮಾತ್ರ. ಇಂಗ್ಲಿಷ್ ಅಕ್ಷರ ಒಂದು ಸಾಲಿನಲ್ಲಿ ಮೈ ಮುದುಡಿ ಕೂರುತ್ತದೆ. ನಮ್ಮ 'ಸ್ವಾತಂತ್ರ್ಯ' ಕೂರಬೇಕಾದರೆ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಅದೇ ಪರದೆಯಲ್ಲಿ ಕನ್ನಡದ ಸಾಲು ಕಡಿಮೆ ಹಿಡಿಸುತ್ತದೆ.

ಇಷ್ಟೆಲ್ಲ ಬೈದರೂ ನಾನು ಇದರ ವಿರೋಧಿಯಲ್ಲ. ಬೋಯಿಂಗ್ ಕಂಪನಿಯಲ್ಲಿ ವಿಮಾನದ ಸಾವಿರಾರು ವೈರುಗಳನ್ನು ಜೋಡಿಸುವವರಿಗೆ ಯಾವುದು ಎಲ್ಲಿಗೆ ಅಂತ ಕಣ್ಣೆದುರೇ ತೋರಿಸಲು ಹೊರಟಾಗಲೇ, 1990ರ ಸುಮಾರಿಗೆ, ಟಾಮ್ ಕಾಡೆಲ್ ಈ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಕೊಟ್ಟಿದ್ದು. ಅದು ಹುಟ್ಟಿದ್ದೇ ಶೆಡ್ಡಿನ ನೆರಳಲ್ಲಿ, ಕೈಯಲ್ಲಿ ಕೆಲಸ ಇರುವವರಿಗಾಗಿ. ಕಿವಿ ಕೇಳದವರಿಗೆ ಎದುರಿನವರ ಮಾತು ಅಕ್ಷರವಾಗಿ ಕಾಣುವುದಕ್ಕೆ ಕಪ್ಪು ಬೇಕಿಲ್ಲ, ನೆರಳು ಬೇಕಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯೊಳಗೆ ಇಳಿದವನಿಗೆ ದಾರಿಯ ಬಾಣ ತೋರಿಸಬೇಕೆಂದರೆ ಇದಕ್ಕಿಂತ ಒಳ್ಳೆ ಜಾಗವೇ ಇಲ್ಲ. ಸುತ್ತ ಕತ್ತಲು, ಕೂಡುವ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಹಂಪಿಯ ಅರಮನೆಗಳಲ್ಲಿ ಉಳಿದಿರುವುದು ಕಲ್ಲಿನ ಜಗಲಿ ಮಾತ್ರ, ಮೇಲಿನ ಮರದ ಕಟ್ಟಡ ಹೋಗಿದೆ. ಅದನ್ನು ಕನ್ನಡಕದಲ್ಲಿ ಮತ್ತೆ ನಿಲ್ಲಿಸುವ ಆಸೆ ಎಷ್ಟೋ ಜನಕ್ಕಿದೆ. ನಿಲ್ಲಿಸಲಿ. ಆದರೆ ಹೊತ್ತು ಇಳಿದ ಮೇಲೆ ಬನ್ನಿ ಅಂತ ಟಿಕೆಟಿನ ಮೇಲೆ ಬರೆಯಲಿ.

ಅವತ್ತು ನಾವೂ ಹಾಗೇ ಮಾಡಿದೆವು. ಹೊತ್ತು ಮುಳುಗಿ, ಗುಡ್ಡ ಬರೀ ಕರಿ ಆಕಾರವಾದ ಮೇಲೆ ಮತ್ತೆ ಮಾಳಿಗೆ ಹತ್ತಿದೆವು. ನೀಲಿ ಮೀನು ತೇಲಿತು, ಹಳದಿ ಗಿಳಿ ಹಾರಿತು. ಅವ್ವ ಕೈಚಾಚಿ ಹಿಡಿಯಲು ಹೋದಳು. ಖುಷಿಯಾದ ಅಳಿಯ ಫೋನಿನಲ್ಲಿ ಹುಡುಕಿ ತೊಗಲುಗೊಂಬೆಯ ಚಿತ್ರ ಒಂದನ್ನು ಕನ್ನಡಕಕ್ಕೆ ಹಾಕಿದ.

"ಅಜ್ಜಿ, ಈಗ ನೋಡು. ಕಿಳ್ಳೇಕ್ಯಾತ, ಬಂಗಾರಕ್ಕ."

ಅವ್ವ ಬಹಳ ಹೊತ್ತು ಕತ್ತು ಆ ಕಡೆ ಈ ಕಡೆ ತಿರುಗಿಸಿದಳು.

"ಬಂಗಾರಕ್ಕ ಅದಾಳಪ್ಪ, ಸೀರಿ ಚಂದ ಐತಿ. ಕ್ಯಾತ ಎಲ್ಲಿ ಹೋದ? ಬರೇ ಹಲ್ಲು, ಕಣ್ಣು ಅದಾವ."