ಕಣ್ಣಿಗೆ ಲಂಬ, ಲೆಕ್ಕಕ್ಕೆ ಅಲ್ಲ

ತ್ರಿಭುಜದ ವಿಧಗಳು ಯಾವುವು ಅಂತ ಕೇಳಿದರೆ ಮಕ್ಕಳು ಒಂದೇ ಉಸಿರಿಗೆ ಆರು ಹೆಸರು ಹೇಳಿಬಿಡುತ್ತಾರೆ. ಸಮಬಾಹು, ಸಮದ್ವಿಬಾಹು, ಅಸಮಬಾಹು. ಲಘುಕೋನ (ಎಲ್ಲ ಕೋನವೂ 90 ಡಿಗ್ರಿಗಿಂತ ಕಡಿಮೆ), ಲಂಬಕೋನ (ಒಂದು ಕೋನ ಸರಿಯಾಗಿ 90), ವಿಶಾಲಕೋನ (ಒಂದು ಕೋನ 90ಕ್ಕಿಂತ ಜಾಸ್ತಿ). ಆದರೆ ಇವು ಆರು ಬೇರೆ ಬೇರೆ ಬಗೆಯ ತ್ರಿಭುಜಗಳು ಅನ್ನೋ ಭಾವನೆ ಹಲವರಲ್ಲಿ ಉಳಿದುಬಿಡುತ್ತದೆ. ಹಾಗಲ್ಲ. ಪ್ರತಿ ತ್ರಿಭುಜಕ್ಕೂ ಎರಡು ಹೆಸರು ಇರುತ್ತದೆ, ಬಾಹು ನೋಡಿ ಒಂದು, ಕೋನ ನೋಡಿ ಇನ್ನೊಂದು. ಬಾಹುವಿನ ಮೂರು ಹೆಸರಲ್ಲಿ ಪ್ರತಿಯೊಂದಕ್ಕೂ ಕೋನದ ಮೂರನ್ನೂ ಜೋಡಿಸಿದರೆ ಒಂಬತ್ತು ಜೋಡಿ ಆಗಬೇಕು, ಸಿಗುವುದು ಏಳೇ. ಸಮಬಾಹು ತ್ರಿಭುಜದ ಕೋನಗಳೆಲ್ಲ 60 ಡಿಗ್ರಿ. ಅದು ಲಂಬಕೋನವೂ ಆಗುವುದಿಲ್ಲ, ವಿಶಾಲಕೋನವೂ ಆಗುವುದಿಲ್ಲ.

ಕೋನದ ಹೆಸರಿಡುವಾಗ ದೊಡ್ಡ ಕೋನ ಒಂದನ್ನೇ ನೋಡಬೇಕು. 30 ಡಿಗ್ರಿ ಕಂಡ ಕೂಡಲೇ ಲಘುಕೋನ ತ್ರಿಭುಜ ಅಂತ ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಎರಡು ಲಘುಕೋನವಾದರೂ ಇಲ್ಲದ ತ್ರಿಭುಜವೇ ಇಲ್ಲ, ಅಲ್ವಾ?

ನಿಜವಾದ ಮಜಾ ಇರುವುದು ಬಾಹುಗಳ ಅಳತೆ ಮಾತ್ರ ಕೊಟ್ಟು ಕೋನದ ವಿಧ ಕೇಳಿದಾಗ. ಕೋನಮಾಪಕ ಬೇಕಿಲ್ಲ. ಉದ್ದದ ಬಾಹುವಿನ ವರ್ಗವನ್ನು ಉಳಿದೆರಡರ ವರ್ಗಗಳ ಮೊತ್ತಕ್ಕೆ ಹೋಲಿಸಿ. ಸಮ ಬಂದರೆ ಲಂಬಕೋನ, ಕಡಿಮೆಯಾದರೆ ಲಘುಕೋನ, ಜಾಸ್ತಿಯಾದರೆ ವಿಶಾಲಕೋನ. 4, 5, 6 ತೆಗೆದುಕೊಳ್ಳಿ. 36 ಒಂದು ಕಡೆ, 16 ಮತ್ತು 25 ಸೇರಿ 41 ಇನ್ನೊಂದು ಕಡೆ. ಲಘುಕೋನ. 2, 3, 4ರಲ್ಲಿ 16 ಮತ್ತು 13, ಹಾಗಾಗಿ ವಿಶಾಲಕೋನ.

ಇಲ್ಲೊಂದು ಗುಂಡಿ ಇದೆ. 3, 4, 8 ಕೊಟ್ಟರೂ 64 ಎಂಬುದು 25ಕ್ಕಿಂತ ಜಾಸ್ತಿ, ವಿಶಾಲಕೋನ ಅಂತ ಬರೆದುಬಿಡುತ್ತಾರೆ. 3 ಮತ್ತು 4 ಸೇರಿದರೆ 7, ತುದಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಮೊದಲು ತ್ರಿಭುಜ ಆಗುತ್ತದಾ ನೋಡಿ, ಆಮೇಲೆ ಹೆಸರಿಡಿ.

ನನಗೆ ತುಂಬಾ ಇಷ್ಟದ ಜೋಡಿ 5, 5, 7 ಮತ್ತು 12, 12, 17. ಎರಡೂ ಸಮದ್ವಿಬಾಹು. ಬರೆದು ನೋಡಿದರೆ ಎರಡೂ ಲಂಬಕೋನದ ಹಾಗೇ ಕಾಣುತ್ತವೆ. ಲೆಕ್ಕ ಬೇರೆ ಹೇಳುತ್ತದೆ. ಮೊದಲನೆಯದರಲ್ಲಿ 49 ಮತ್ತು 50, ಆದ್ದರಿಂದ ಲಘುಕೋನ, ದೊಡ್ಡ ಕೋನ 89 ಡಿಗ್ರಿಗಿಂತ ಚೂರು ಕಡಿಮೆ. ಎರಡನೆಯದರಲ್ಲಿ 289 ಮತ್ತು 288, ಆದ್ದರಿಂದ ವಿಶಾಲಕೋನ, ಸುಮಾರು 90.2 ಡಿಗ್ರಿ. ಇನ್ನೂ ದೊಡ್ಡ ಸಂಖ್ಯೆ ಹುಡುಕಿದರೆ ಸರಿಯಾಗಿ ಲಂಬಕೋನ ಸಿಗಬಹುದಾ? ಸಿಗುವುದಿಲ್ಲ. ಅಂಥ ತ್ರಿಭುಜದಲ್ಲಿ ಉದ್ದದ ಬಾಹು ಸಮ ಬಾಹುವಿನ 2ರ ವರ್ಗಮೂಲದಷ್ಟು ಪಟ್ಟು ಇರಬೇಕು. 2ರ ವರ್ಗಮೂಲ ಭಿನ್ನರಾಶಿಯಾಗಿ ಬರೆಯಲು ಬರುವ ಸಂಖ್ಯೆ ಅಲ್ಲ. ಹಾಗಾಗಿ ಮೂರೂ ಬಾಹು ಪೂರ್ಣಾಂಕವಾಗಿರುವ ಸಮದ್ವಿಬಾಹು ಲಂಬಕೋನ ತ್ರಿಭುಜವೇ ಇಲ್ಲ.

ಈ 17 ಹಳೆಯ ಪರಿಚಯದ ಸಂಖ್ಯೆ. ಯಜ್ಞವೇದಿಯ ಅಳತೆಗಳನ್ನು ಹೇಳುವ ಪ್ರಾಚೀನ ಗ್ರಂಥ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣ, ಅಂದರೆ ಇಂಥ ಸಮದ್ವಿಬಾಹು ಲಂಬಕೋನ ತ್ರಿಭುಜದ ಉದ್ದದ ಬಾಹು, ತೆಗೆಯುವ ಕ್ರಮ ಇದೆ. ಬಾಹುವಿಗೆ ಅದರ ಮೂರನೇ ಒಂದು ಭಾಗ ಸೇರಿಸಬೇಕು. ಆ ಭಾಗದ ನಾಲ್ಕನೇ ಒಂದನ್ನು ಮತ್ತೆ ಸೇರಿಸಿ, ಹಾಗೆ ಕೊನೆಗೆ ಸೇರಿಸಿದ್ದರ 34ನೇ ಒಂದನ್ನು ಕಳೆಯಬೇಕು. ಬಾಹು 12 ಆದರೆ 12, 4, 1 ಸೇರಿ 17. ಅದು ಕೂದಲೆಳೆಯಷ್ಟು ಜಾಸ್ತಿ, ಅದಕ್ಕೇ ಆ 34ನೇ ಒಂದು ಭಾಗ ಕಳೆಯುವುದು. ಬಂದ ಉತ್ತರ 16.9706. ಇವತ್ತಿನ ಕ್ಯಾಲ್ಕುಲೇಟರೂ ನಾಲ್ಕು ದಶಮಾಂಶದವರೆಗೆ ಅದನ್ನೇ ತೋರಿಸುತ್ತದೆ.

ಪಾಯ ಗುರುತು ಹಾಕುವ ಮೇಸ್ತ್ರಿ ಮಾಡುವುದೂ ಇದೇ ಹೋಲಿಕೆ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ ನಡುವೆ ಟೇಪು ಹಿಡಿಯುತ್ತಾರೆ. 5 ಅಡಿ ಬಂದರೆ ಮೂಲೆ ಸರಿ. ಜಾಸ್ತಿ ಬಂದರೆ ಮೂಲೆ ಅಗಲವಾಗಿದೆ, ಕಡಿಮೆ ಬಂದರೆ ಒಳಕ್ಕೆ ಬಂದಿದೆ. ದಾರ ಯಾವ ಕಡೆ ಸರಿಸಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ. ಜಾಗ ಇದ್ದರೆ 6, 8, 10 ಅಡಿ ಇಟ್ಟುಕೊಳ್ಳುವುದು ಒಳ್ಳೆಯದು. ಟೇಪು ಓದುವಾಗ ಅಷ್ಟೇ ತಪ್ಪಾದರೂ ಕೋನದಲ್ಲಿ ಆಗುವ ತಪ್ಪು ಅರ್ಧಕ್ಕೆ ಇಳಿಯುತ್ತದೆ.